ಪರೀಕ್ಷೆಯ ಹನಿ

ಮೈಕ್ರೋಸ್ಕೋಪಿನ ಕೋಣೆಯಲ್ಲಿ ಕಿರಿಯ ಓರಗಿತ್ತಿಯ ತಟ್ಟೆಯ ಜೀವಕೋಶಗಳು ಮತ್ತೆ ಮಿನುಗಿದವು. ಹಾರ್ಮೋನು ಬಿದ್ದೊಡನೆ ಪೊರೆಯ ಮೇಲಿನ ಗ್ರಾಹಕಗಳು ಅದನ್ನು ಹಿಡಿದು ಒಳಗೆ ಸುದ್ದಿ ಮುಟ್ಟಿಸಿದ್ದವು. ಒಳಗೆ ಕ್ಯಾಲ್ಸಿಯಂ ಉಕ್ಕಿ, ಮೊದಲೇ ತುಂಬಿಟ್ಟಿದ್ದ ಬಣ್ಣ ಹಸಿರಾಗಿ ಹೊಳೆದಿತ್ತು. ಹಿರಿಯಳ ತಟ್ಟೆಗಳು ಮಾತ್ರ ಎಷ್ಟು ಮಾಡಿದರೂ ಮಂಕು.

ಇಬ್ಬರೂ ಒಂದೇ ಮನೆಯ ಸೊಸೆಯರು. ಕಿರಿಯಳನ್ನು ಈ ಪ್ರಯೋಗಾಲಯಕ್ಕೆ ಕರೆತಂದು ಪಿಪೆಟ್ ಹಿಡಿಯಲು ಕಲಿಸಿದವಳೇ ಹಿರಿಯಳು. ಈಗ ಇಬ್ಬರಲ್ಲಿ ಒಬ್ಬರ ಕೆಲಸ ಮಾತ್ರ ಕಾಯಂ ಆಗುವುದಿತ್ತು. ನಾಳೆ ಪ್ರೊಫೆಸರರು ಎದುರು ನಿಂತು ಇಬ್ಬರ ಪ್ರಯೋಗವನ್ನೂ ನೋಡುವವರಿದ್ದರು. ಕಿರಿಯಳ ಕೈಗುಣ ಚೆನ್ನಾಗಿದೆಯೆಂದು ಅವರು ಆಗಲೇ ಹೇಳಿಯಾಗಿತ್ತು. ಮನೆಯಲ್ಲಿ ಅವಳ ಅಡುಗೆಗೆ ಅತ್ತೆ ಹೇಳುವುದೂ ಅದೇ ಮಾತು.

ತಪ್ಪು ಹುಡುಕಲೆಂದೇ ಹಿರಿಯಳು ಗಾಜಿನ ಬಾಗಿಲಾಚೆ ನಿಂತು ನೋಡಿದಳು. ಸಿಕ್ಕಿತು: ಕಿರಿಯಳು ಪರೀಕ್ಷೆಯ ಹನಿ ಹಾಕುತ್ತಿರಲಿಲ್ಲ. ಬಣ್ಣ ಸರಿಯಾಗಿ ಹತ್ತಿದೆಯೇ ಎಂದು ತಿಳಿಯಲು ಮೊದಲು ಅದೇ ತಟ್ಟೆಗೆ ಚೂರು ಹಾರ್ಮೋನು ಬಿಡುವುದು ಹಿರಿಯಳು ತಾನೇ ಮಾಡಿಕೊಂಡಿದ್ದ ಪದ್ಧತಿ. ಸೋಮಾರಿ, ಅಂದುಕೊಂಡಳು. ಮರುಕ್ಷಣ ಅವಳಿಗೆ ಹೊಳೆಯಿತು. ಒಮ್ಮೆ ಸುದ್ದಿ ಮುಟ್ಟಿಸಿದ ಗ್ರಾಹಕಗಳು ಪೊರೆಯಿಂದ ಒಳಕ್ಕೆ ಸರಿದುಬಿಡುತ್ತವೆ. ಮತ್ತೆ ಹೊರಬರಲು ಹೊತ್ತು ಬೇಕು. ಇಷ್ಟು ಸಣ್ಣ ಹನಿಗೆ ಏನಾದೀತು ಎಂದುಕೊಂಡಿದ್ದಳು. ಅವಳ ಅತಿ ಜಾಗ್ರತೆಯೇ ಅವಳ ಜೀವಕೋಶಗಳನ್ನು ಕಿವುಡಾಗಿಸಿತ್ತು.

ಕಿರಿಯಳು ಕೈಗವಸು ಬಿಚ್ಚುತ್ತ ಹೊರಬಂದಳು. ಹಿಂದೆಮುಂದೆ ನೋಡಿ, ಕೊನೆಗೆ ಕೇಳಿಯೇಬಿಟ್ಟಳು.

“ಅಕ್ಕಾ, ನಾಳೆ ಸರ್ ಎದುರಿಗೆ ನಾನೂ ನಿಮ್ಮ ಹಾಗೆ ಪರೀಕ್ಷೆ ಹನಿ ಹಾಕ್ಲಾ?”

“ಹಾಕು,” ಎಂದಳು ಹಿರಿಯಳು. ಮಾತು ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಬೆರಗಾಯಿತು.

ಕಿರಿಯಳು ಕೈಗವಸನ್ನು ಮಡಚುತ್ತ ನಿಂತಳು. “ಇಲ್ಲ ಅಕ್ಕಾ, ಹಾಕಿದ್ರೆ ಗ್ರಾಹಕ ಎಲ್ಲಾ ಒಳಗೆ ಹೋಗ್ಬಿಡತ್ತೆ ಅಂತ ನಂಗನ್ಸತ್ತೆ. ನಿಮ್ಮ ತಟ್ಟೆ ಮಂಕಾಗೋದೂ ಅದಕ್ಕೇ ಇರ್ಬೇಕು. ಕಲಿಸ್ದೋರಿಗೆ ಹೇಗೆ ಹೇಳೋದು ಅಂತ ಒದ್ದಾಡ್ತಿದ್ದೆ. ನಾಳೆ ನೀವೂ ಹಾಕ್ಬೇಡಿ.”

ಇವಳಿಂದ ಪಾಠ ಹೇಳಿಸಿಕೊಳ್ಳುವುದೇ? ಹಿರಿಯಳಿಗೆ ತಡೆಯಲಾಗಲಿಲ್ಲ.

“ಅಷ್ಟೂ ಗೊತ್ತಿಲ್ವಾ ನಂಗೆ? ನೀನು ಹೇಳ್ಕೊಡ್ಬೇಕಾ?”

ಕಿರಿಯಳ ಕೈ ನಿಂತಿತು. ಅವಳು ತಲೆಯೆತ್ತಿ ಓರಗಿತ್ತಿಯನ್ನೇ ನೋಡಿದಳು.

“ಗೊತ್ತಿದ್ದೂ ನಂಗೆ ಹಾಕು ಅಂದ್ರಾ?”