ಹೊಳೆಯದ ಗಡ್ಡೆ

ತಂಗಿಯ ಲಿವರಿನಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಇದೆ ಎಂದು ಡಾಕ್ಟರಮ್ಮ ಹೇಳಿದ್ದರು. ನೆಂಟರ ಕಿವಿಗೆ ಹಾಕುವಷ್ಟರಲ್ಲಿ ಅಕ್ಕ ಅದನ್ನು ಕುಂಬಳಕಾಯಿ ಮಾಡಿದ್ದಳು. ಗಂಡ ಹೋದಮೇಲೆ ಅಕ್ಕನಿಗೆ ಜಗಳವಾಡಲು ಉಳಿದಿದ್ದವಳು ಈ ತಂಗಿಯೊಬ್ಬಳೇ. ಕೊಯ್ದು ತೆಗೆಯಲಾಗದ ಜಾಗ, ಯಾವ ಔಷಧಿಗೂ ಬಗ್ಗದ ಕ್ಯಾನ್ಸರ್. ಕೊನೆಗೆ ಉಳಿದಿದ್ದು ಹೊಸ ಇಂಜೆಕ್ಷನ್ ಒಂದೇ. ಕಣ್ಣಿಗೆ ಕಾಣದ ಕಣಗಳ ಹೊಟ್ಟೆಯೊಳಗೆ ಮದ್ದು ತುಂಬಿ ನರಕ್ಕೆ ಬಿಡುತ್ತಾರೆ. ಅವು ಗಡ್ಡೆ ಸೇರಿದವೋ ಇಲ್ಲವೋ ಎಂದು ಸದ್ದಿನ ಅಲೆಯ ಸ್ಕ್ಯಾನಿನಲ್ಲಿ ನೋಡಿ, ಸೇರಿದ್ದರೆ ಅದೇ ಅಲೆಯನ್ನು ಜೋರು ಮಾಡಿ ಕಣಗಳನ್ನು ಅಲ್ಲಿಯೇ ಒಡೆಯುತ್ತಾರೆ. ಇದು ಎರಡನೆಯ ಸಲ.

"ನೀನು ಹೋದ ಸಲದ ಹಾಗೆ ಹೊರಗೆ ಕೂತ್ಕೋ ಅಕ್ಕಾ," ಎಂದಳು ತಂಗಿ, ಮಂಚದ ಮೇಲೆ ಮಲಗುತ್ತಾ.

"ಯಾಕೆ? ಚಿಕ್ಕೋಳಿದ್ದಾಗ ನನ್ನ ಪಾಲಿನ ತಿಂಡಿ ಕದ್ದು ತಿಂದಿದ್ದೆಲ್ಲ ಇನ್ನೂ ಅಲ್ಲೇ ಇದೆಯಾ ಅಂತ ನೋಡ್ಬೇಕು."

ಡಾಕ್ಟರಮ್ಮ ನಗುತ್ತಲೇ ಹೊಟ್ಟೆಗೆ ತಣ್ಣನೆಯ ಜೆಲ್ಲಿ ಬಳಿದು ಸ್ಕ್ಯಾನಿನ ಹಿಡಿಯನ್ನು ಒತ್ತಿದರು. "ಉಸಿರು ಹಿಡೀರಿ. ಹಾಂ, ಬಿಡಿ."

ಮೊದಲ ಸ್ಕ್ಯಾನಿನ ದಿನ, ಬೆಳ್ಳಗಿರುವುದೇ ಕಾಯಿಲೆ ಎಂದು ಇದೇ ಡಾಕ್ಟರಮ್ಮ ತೋರಿಸಿದ್ದರು. ಅಕ್ಕ ಅದನ್ನು ಗಟ್ಟಿಯಾಗಿ ನೆನಪಿಟ್ಟುಕೊಂಡಿದ್ದಳು. ಇವತ್ತು ಆ ಜಾಗ ಕಾಡಿಗೆ ಬಳಿದಂತೆ ಕಪ್ಪಗಿತ್ತು.

"ಹೋಗಿದೆ ಕಣೇ," ಎಂದಳು ಅಕ್ಕ. "ಬೇರುಸಮೇತ ಹೋಗಿದೆ. ಇನ್ನು ನೂರು ವರ್ಷ ನನ್ನ ಪ್ರಾಣ ತಿಂತೀಯ ನೀನು."

ಡಾಕ್ಟರಮ್ಮನ ಕೈ ನಿಂತಿತು. ತಂಗಿ ಅವರ ಮುಖವನ್ನೇ ನೋಡುತ್ತಿದ್ದಳು. "ಈ ಸಲಾನೂ ಸೇರ್ಲಿಲ್ಲ, ಅಲ್ವಾ?"

"ಇಲ್ಲಮ್ಮ." ಡಾಕ್ಟರಮ್ಮ ಅಕ್ಕನ ಕಡೆ ತಿರುಗಿದರು. "ಆವತ್ತಿನ ಬಿಳಿ ಬೇರೆ, ಇವತ್ತಿನದು ಬೇರೆ ಅಮ್ಮಾ. ಇವತ್ತು ಈ ಸ್ಕ್ಯಾನಲ್ಲಿ ಕಾಣೋದು ಮದ್ದು ಮಾತ್ರ. ಮದ್ದು ಹೋಗಿ ಸೇರಿದ್ರೆ ಗಡ್ಡೆ ಬೆಳ್ಳಗೆ ಹೊಳೀಬೇಕಿತ್ತು. ಒಡೆಯೋಕೆ ಅಲ್ಲಿ ಮದ್ದಿನ ಕಣ ಒಂದೂ ಇಲ್ಲ."

"ಇನ್ನೊಂದ್ಸಲ ನೋಡಿ. ಒಂಚೂರು ಪಕ್ಕಕ್ಕೆ ಇಡಿ. ದಾರಿ ತಪ್ಪಿ ಎಲ್ಲಾದ್ರೂ ಕೂತಿರ್ಬಹುದು."

ಡಾಕ್ಟರಮ್ಮ ಅವಳಿಗಾಗಿಯೇ ಹಿಡಿಯನ್ನು ಅತ್ತಿತ್ತ ಸರಿಸಿದರು. ಅಕ್ಕ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಎಲ್ಲಿಯೂ ಒಂದು ಚುಕ್ಕೆ ಇರಲಿಲ್ಲ.

"ಸಾಕು ಬಿಡಕ್ಕಾ. ಚಳಿಯಾಗ್ತಿದೆ, ಒರೆಸು."

ಅಕ್ಕ ಕಾಗದ ತೆಗೆದುಕೊಂಡು ಒರೆಸಿದಳು. ಕೈಗೆ ಪಕ್ಕೆಲುಬು ಸಿಕ್ಕಿತು.

"ಮನೇಲಿ ನಾನೇ ಹೇಳ್ತೀನಿ," ಎಂದಳು ತಂಗಿ. "ನೀನು ಹೇಳಿದ್ರೆ ನನ್ನ ಇವತ್ತು ಸಾಯಂಕಾಲಾನೇ ಸಾಯಿಸಿಬಿಡ್ತೀಯ."

ಅಕ್ಕ ನಗಲು ಹೋದಳು, ಆಗಲಿಲ್ಲ. ಮಂಚದ ಪಕ್ಕ ಕುಕ್ಕರಿಸಿ ತಂಗಿಯ ಚಪ್ಪಲಿ ಹುಡುಕತೊಡಗಿದಳು. ಕಣ್ಣೆದುರಿಗೇ ಇದ್ದ ಚಪ್ಪಲಿ ಬಹಳ ಹೊತ್ತು ಸಿಗಲಿಲ್ಲ.