ಸವಳಂಗದ ಉಡಿ

ಜಗಳೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಸೈಕಲ್ ಸವಾರರನ್ನು ಸಾಲಾಗಿ ನಿಲ್ಲಿಸಿಕೊಂಡು ಸಂಘಟಕ ಪ್ರಸನ್ನಕುಮಾರ್ ನಿಯಮ ಓದುತ್ತಿದ್ದ. ಇನ್ನೂರು ಕಿಲೋಮೀಟರ್ ದಾರಿ, ಸಂಜೆ ಏಳೂವರೆಯೊಳಗೆ ಹೊನ್ನಾಳಿ ಮುಟ್ಟಬೇಕು. ನಡುವಿನ ಚೆಕ್‌ಪಾಯಿಂಟುಗಳಲ್ಲಿ ಕಾರ್ಡಿಗೆ ಸೀಲು ಹಾಕಿಸಿಕೊಳ್ಳಬೇಕು. ಅಂಗಡಿಯಲ್ಲಿ ಏನು ಬೇಕಾದರೂ ಕೊಂಡು ತಿನ್ನಬಹುದು. ಆದರೆ ಚೆಕ್‌ಪಾಯಿಂಟು ಬಿಟ್ಟು ಬೇರೆಲ್ಲೂ ತಮ್ಮವರ್ಯಾರಿಂದಲೂ ಸಹಾಯ ಪಡೆಯುವಂತಿಲ್ಲ. ಇಷ್ಟು ಓದಿ ಅವನು ಶಿವಲೀಲಾಳ ಕಡೆ ನೋಡಿದ.

“ಮೇಡಂ, ಈ ಸಲ ಸಾಹೇಬ್ರು?”

“ಚನ್ನಗಿರಿಯಾಗೆ ಮಲಗ್ಯಾರೆ. ಕಾರಿನ ಕೀ ನನ್ನ ಚೀಲದಾಗೈತೆ.”

ಎಲ್ಲರೂ ನಕ್ಕರು. ಹೋದ ವರ್ಷ ಮಳೆ ನೋಡಿ ತಡೆಯಲಾರದೆ ಅವಳ ಗಂಡ ಕಲ್ಲೇಶ್ ಕಾರಿನಲ್ಲಿ ಹಿಂದೆ ಬಂದು, ನಡುದಾರಿಯಲ್ಲಿ ಫ್ಲಾಸ್ಕಿನ ಟೀ ಕುಡಿಸಿ, ಒಣ ಸ್ವೆಟರ್ ಹಾಕಿಸಿದ್ದ. ಹಿಂದಿದ್ದ ಸವಾರರು ನೋಡಿದರು. ಅವಳ ಹೆಸರಿನ ಮೇಲೆ ಗೆರೆ ಬಿತ್ತು. “ಹೆಂಡ್ತಿಗೆ ಟೀ ಕೊಟ್ರೆ ಔಟಾ? ಯಾವ ಸೀಮೆ ಆಟ ಇದು!” ಎಂದು ಕಲ್ಲೇಶ್ ವಾರಗಟ್ಟಲೆ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಅದಕ್ಕೂ ಹಿಂದಿನ ಸಲ, ಅತ್ತೆಗೆ ಜ್ವರವೆಂದು ಫೋನು ಬಂದು ಅರ್ಧಕ್ಕೇ ಮನೆಗೆ ಹೋಗಿದ್ದಳು. ಹೋಗಿ ನೋಡಿದರೆ ಅತ್ತೆ ಎದ್ದು ಕೂತು ಮಂಡಕ್ಕಿ ತಿನ್ನುತ್ತಿದ್ದರು.

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಶಿವಲೀಲಾಳಿಗೆ ಐವತ್ತು ಹತ್ತಿರವಾಗುತ್ತಿತ್ತು. ತಾನಾಗಿ ಕೈಹಾಕಿದ ಒಂದು ಕೆಲಸ ತನ್ನಿಂದಲೇ ಮುಗಿಯಬೇಕು, ಕಾರ್ಡಿನ ಕೊನೆಯ ಮನೆಯಲ್ಲಿ ಸೀಲು ಬೀಳಬೇಕು. ಈ ಸಲ ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಬಿಳಿಚೋಡಿನವರೆಗೂ ಎದುರುಗಾಳಿ. ಕುರಿಮಂದೆ ಅಡ್ಡ ಬಂದಾಗ ಇಳಿದು ನಿಂತಳು. ಕುರಿಗಾಹಿ ಅವಳ ಹೆಲ್ಮೆಟ್ಟು, ಬಿಗಿಯಾದ ಪ್ಯಾಂಟು ನೋಡಿ, “ಎಲ್ಲಿಗ್ರೀ ಅಮ್ಮಾರೆ?” ಎಂದ.

“ಹೊನ್ನಾಳಿಗೆ.”

“ಯಾಕ್ರೀ, ಬಸ್ಸು ಇಲ್ಲೇನ್ರೀ?”

ದಾವಣಗೆರೆ ದಾಟಿ ಸೂಳೆಕೆರೆಯ ಏರಿಗೆ ಬರುವಾಗ ತುಂತುರು ಶುರುವಾಯಿತು. ಚನ್ನಗಿರಿಯ ಚೆಕ್‌ಪಾಯಿಂಟಿನಲ್ಲಿ ಸೀಲು ಬಿತ್ತು. ಅಲ್ಲಿಂದ ಅವಳ ಮನೆಯ ಬೀದಿ ಕಾಣುತ್ತದೆ. ಗ್ಯಾಸು ಆರಿಸಿದ್ದಾರೋ ಇಲ್ಲವೋ ಎಂಬ ಯೋಚನೆ ಬಂತು. ಬಂದದ್ದು ಹಾಗೇ ಹೋಯಿತು. ಅವಳು ಪೆಡಲು ತುಳಿದಳು.

ಆಮೇಲಿನದು ಮಳೆಯೇ. ಏರಿನಲ್ಲಿ ಉಸಿರು ಮೇಲಕ್ಕೆ ಬರುತ್ತಿತ್ತು, ಇಳಿಜಾರಿನಲ್ಲಿ ಬ್ರೇಕು ಹಿಡಿದ ಬೆರಳು ಮರಗಟ್ಟುತ್ತಿದ್ದವು. ಬಾಳೆಹಣ್ಣು ಮುಗಿದಿತ್ತು, ಬಿಸ್ಕತ್ತು ನೆನೆದು ಹಿಟ್ಟಾಗಿತ್ತು. ಸವಳಂಗದ ಹೋಟೆಲಿನಲ್ಲಿ ಕಾಲು ಗಂಟೆ ಕೂತು ಬಿಸಿ ಅನ್ನ ತಿನ್ನುವುದೆಂದು ಲೆಕ್ಕ ಹಾಕಿಕೊಂಡಿದ್ದಳು.

ಸವಳಂಗ ಅವಳ ತವರು. ಅವ್ವ ಸತ್ತ ಮೇಲೆ ಅವಳು ಅಲ್ಲಿಗೆ ಹೋಗಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ. ಬಾ ಎನ್ನುವವರು ಅವ್ವ ಒಬ್ಬರೇ ಆಗಿದ್ದರು, ಅಷ್ಟೇ.

ಬಸ್‌ಸ್ಟ್ಯಾಂಡಿನ ಹತ್ತಿರ ಕೊಡೆ ಹಿಡಿದ ಹೆಂಗಸೊಬ್ಬಳು ರಸ್ತೆಯ ನಡುವಿಗೇ ಬಂದು ನಿಂತಳು. ಅಣ್ಣನ ಹೆಂಡತಿ ಕಸ್ತೂರಮ್ಮ.

“ಏ ಶಿವೀ, ನಿಲ್ಲೇ! ನನ್ನ ಮೇಲೇ ಹತ್ತುಸ್ತಿ ಏನು?”

“ಅತ್ತಿಗೆ, ನೀನ್ಯಾಕೆ ಇಲ್ಲಿ? ನಿಂಗ್ಯಾರು ಹೇಳಿದ್ರು?”

“ನಿನ್ ಗಂಡ. ಫೋನ್ ಮಾಡಿ, ನಾನಂತೂ ಹೋಗಂಗಿಲ್ಲ, ನೀವಾದ್ರೂ ನೋಡ್ರಿ ಅಂತ ಅತ್ಕಂಡ. ತವರೂರಾಗೆ ಹಾದು ಹೋಗೋಳು ಬರಿ ಉಡೀಲಿ ಹೋಗ್ತೀಯೇನೆ? ಬಾ, ಒಳಗೆ ಕುಂದ್ರು.”

“ಟೈಮಿಲ್ಲ ಅತ್ತಿಗೆ. ಯಾರ ಹತ್ರನೂ ಏನೂ ಇಸ್ಕೋಬಾರ್ದು, ರೂಲ್ಸ್ ಐತೆ.”

“ಉಡಿ ತುಂಬಾಕೆ ಯಾವನ ರೂಲ್ಸೇ? ಇದೇನು ಊಟಾನಾ? ಶಾಸ್ತ್ರ.”

ಶಿವಲೀಲಾ ಗಡಿಯಾರ ನೋಡಿದಳು. ಹೌದು, ಶಾಸ್ತ್ರ. ಉಡಿಯನ್ನು ದಾರಿಯಲ್ಲಿ ಬಿಚ್ಚುವುದಿಲ್ಲ. ಅದು ಗಂಡನ ಮನೆಯ ದೇವರ ಮುಂದೆ ಬಿಚ್ಚಿಕೊಂಡು, ಅಲ್ಲಿಯ ಅಡುಗೆಮನೆಗೆ ಹೋಗುವಂಥದ್ದು. ಚೀಲದಲ್ಲಿ ಸುಮ್ಮನೆ ಕೂರುವ ಗಂಟನ್ನು ಸಹಾಯ ಎನ್ನಲಾಗುವುದಿಲ್ಲ. ಹೀಗೆಂದುಕೊಂಡು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಳು.

ಕಸ್ತೂರಮ್ಮ ಕುಂಕುಮ ಹಚ್ಚಿ, ಬೊಗಸೆಯಲ್ಲಿ ಅಕ್ಕಿ ಎತ್ತಿಕೊಂಡು ಹಾಗೇ ನಿಂತಳು.

“ಸೆರಗೆಲ್ಲೇ ನಿಂದು?”

ಬಸ್ಸಿಗೆ ಕಾದಿದ್ದ ಹೆಂಗಸರು ಕಿಸಕ್ಕನೆ ನಕ್ಕರು. “ಪ್ಯಾಂಟಿನ ಜೇಬಿಗೆ ಹಾಕ್ರಿ!” ಎಂದಳು ಒಬ್ಬಳು. ಶಿವಲೀಲಾ ಹಳದಿ ರೇನ್‌ಕೋಟಿನ ಮುಂಭಾಗ ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಅದರೊಳಗೆ ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ಉತ್ತತ್ತಿ, ಎಲೆ ಅಡಿಕೆ, ಅರಿಶಿನದ ಕೊಂಬು ಬಿದ್ದವು. ಕಸ್ತೂರಮ್ಮ ಅಷ್ಟನ್ನೂ ರವಿಕೆ ಕಣದಲ್ಲಿ ಗಂಟು ಕಟ್ಟಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಸೈಕಲ್ಲಿನ ಬ್ಯಾಗಿಗೆ ತುರುಕಿದಳು. ಅವ್ವನ ವಿಷಯ ಇಬ್ಬರೂ ಎತ್ತಲಿಲ್ಲ.

ಹೋಟೆಲಿನ ಕಾಲು ಗಂಟೆ ಹೀಗೆ ಕಳೆದಿತ್ತು. ಶಿವಲೀಲಾ ತಿನ್ನದೇ ಹೊರಟಳು.

ನ್ಯಾಮತಿಗೆ ಇನ್ನೂ ಅರ್ಧ ದಾರಿ ಇರುವಾಗ ಒಂದು ಏರಿನಲ್ಲಿ ತೊಡೆಗಳು ನಿಂತೇ ಬಿಟ್ಟವು. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಇಳಿದು ಸೈಕಲ್ ತಳ್ಳಲು ನೋಡಿದಳು. ಹ್ಯಾಂಡಲ್ ಒಂದು ಕಡೆಗೆ ವಾಲಿತು. ಕಣ್ಣ ಮುಂದಿನ ರಸ್ತೆ ಹತ್ತಿರ ಬರುವುದು, ದೂರ ಹೋಗುವುದು. ದೇಹದಲ್ಲಿ ಸಕ್ಕರೆ ಮುಗಿದರೆ ಏನಾಗುತ್ತದೆಂದು ಅವಳು ಮಕ್ಕಳಿಗೆ ಪಾಠ ಮಾಡಿದ್ದಳು. ಸುತ್ತ ಒಂದು ಅಂಗಡಿಯಿಲ್ಲ. ಮುರುಕಲು ಬಸ್ ತಂಗುದಾಣವೊಂದಿತ್ತು. ಅದರೊಳಗೆ ಹೋಗಿ ನೆಲದ ಮೇಲೆ ಕೂತು ಗಂಟು ಬಿಚ್ಚಿದಳು.

ಬೆಲ್ಲ ಕಚ್ಚಿದಳು. ಕೊಬ್ಬರಿಯನ್ನು ಗೋಡೆಗೆ ಕುಟ್ಟಿ ಒಡೆದು ಬಾಯಿಗೆ ಹಾಕಿಕೊಂಡಳು. ಅಗಿಯುತ್ತ ಅಗಿಯುತ್ತ ತಲೆ ತಿಳಿಯಾದಾಗ ಒಂದು ಸಂಗತಿ ಹೊಳೆಯಿತು. ಮದುವೆಯಾದಾಗಿನಿಂದ ಎಷ್ಟು ಉಡಿ ಹೊತ್ತು ತಂದಿದ್ದಳು! ಅತ್ತೆ ಬಿಚ್ಚುತ್ತಿದ್ದರು, ಅಕ್ಕಿ ಡಬ್ಬಿಗೆ ಸೇರುತ್ತಿತ್ತು, ಪಾಯಸ ಎಲ್ಲರ ತಟ್ಟೆಗೂ ಬರುತ್ತಿತ್ತು. ಗಂಟಿನಿಂದಲೇ ಕೈಹಾಕಿ, ತನಗೆಂದೇ, ಅವಳು ಒಂದು ಚೂರೂ ತಿಂದವಳಲ್ಲ. ಇದರಲ್ಲಿ ದುಃಖಪಡುವಂಥದ್ದೇನೂ ಕಾಣಲಿಲ್ಲ. ಬೆಲ್ಲದಲ್ಲಿ ಸ್ವಲ್ಪ ಮರಳಿತ್ತು. ಅರ್ಧ ಅಚ್ಚು ಮುಗಿಸಿ ಎದ್ದಳು.

ನ್ಯಾಮತಿಯ ಸೀಲು ಹಾಕಿಸಿಕೊಂಡು ಹೊನ್ನಾಳಿ ಮುಟ್ಟಿದಾಗ ಏಳೂವರೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಕಲ್ಯಾಣಮಂಟಪದ ಪಡಸಾಲೆಯಲ್ಲಿ ಮೇಜು ಹಾಕಿಕೊಂಡಿದ್ದ ಪ್ರಸನ್ನಕುಮಾರ್ ಎದ್ದು ನಿಂತು ಚಪ್ಪಾಳೆ ತಟ್ಟಿದ.

“ಕೊನೆಗೂ ಮುಗಿಸಿದ್ರಿ ಮೇಡಂ! ಕಾರ್ಡ್ ಕೊಡ್ರಿ.” ಸೀಲನ್ನು ಇಂಕಿಗೆ ಒತ್ತುತ್ತ, ಎಲ್ಲರನ್ನೂ ಕೇಳುವಂತೆ ಕೇಳಿದ. “ದಾರ್ಯಾಗೆ ಯಾರ ಸಹಾಯನೂ ತಗಂಡಿಲ್ಲ ತಾನೆ?”

ಇಲ್ಲ ಎಂದರೆ ಮುಗಿಯುತ್ತಿತ್ತು. ಬಸ್ಸಿಗೆ ಕಾದಿದ್ದ ಹೆಂಗಸರು ಹೊನ್ನಾಳಿಗೆ ಬಂದು ಸಾಕ್ಷಿ ಹೇಳುವವರಲ್ಲ.

“ಸವಳಂಗದಾಗೆ ನಮ್ಮತ್ತಿಗೆ ಉಡಿ ತುಂಬಿದ್ರು.”

ಸೀಲು ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಅವನು ಜೋರಾಗಿ ನಕ್ಕ. “ಅಯ್ಯೋ, ಅದು ಶಾಸ್ತ್ರ ಬಿಡ್ರಿ! ನಮ್ಮ ಮನ್ಯಾಗೂ ಹೆಣ್ಮಕ್ಕಳವ್ರೆ. ಉಡಿ ತುಂಬಿದ್ರೆ ಅದ್ಹೆಂಗೆ ಸಹಾಯ ಆಗ್ತೈತೆ?”

“ಬಿಚ್ಚಿ ತಿಂದೆ. ತಿನ್ನದಿದ್ರೆ ಇಲ್ಲಿಗೆ ಬರ್ತಿರಲಿಲ್ಲ.”

“ನೀವು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಶಾಸ್ತ್ರ ಅಂತ ಬರ್ಕಂತೀನಿ, ಆಯ್ತಾ?”

ಶಿವಲೀಲಾ ಕಾರ್ಡು ನೋಡಿದಳು. ಕೊನೆಯದೊಂದು ಮನೆ ಖಾಲಿ. ಆ ಸೀಲು ಬೇಕೇ ಬೇಕಿತ್ತು. ಅದು ಬೀಳಬೇಕಾದರೆ, ಮಳೆಯಲ್ಲಿ ಕೊಡೆ ಹಿಡಿದು ಅಷ್ಟು ಹೊತ್ತು ನಿಂತವಳು ಕೊಟ್ಟದ್ದು ಏನೂ ಅಲ್ಲ ಎನ್ನಬೇಕಿತ್ತು.

“ಶಾಸ್ತ್ರ ಅಲ್ಲ, ಸಹಾಯನೇ. ಹಂಗೇ ಬರ್ಕೊಳ್ರಿ.”

ಪ್ರಸನ್ನಕುಮಾರ್ ಅವಳ ಮುಖವನ್ನೇ ನೋಡಿದ. ಇನ್ನೊಂದು ಸಲ ಹೇಳಿನೋಡಿದ. ಆಮೇಲೆ ಪೆನ್ನು ತೆಗೆದು ಹೋದ ವರ್ಷದ ಹಾಗೆಯೇ ಗೆರೆ ಎಳೆದ. ಅವಳು ಗಂಟಿನಿಂದ ಬೆಲ್ಲದ ಒಂದು ಚೂರು ಮುರಿದು ಅವನ ಮೇಜಿನ ಮೇಲಿಟ್ಟು ಹೊರಗೆ ಬಂದಳು.

ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿ ನೀರು ಚೆಲ್ಲುತ್ತಿರುವಾಗ ಫೋನು ಬಂತು.

“ಮುಟ್ಟಿದ್ಯೇನೆ?” ಕಸ್ತೂರಮ್ಮ.

“ಮುಟ್ಟಿದೆ ಅತ್ತಿಗೆ.”

“ಉಡಿ ನೆನಿಲಿಲ್ಲ ತಾನೆ? ನಾಳೆ ಮನೆಗೆ ಹೋಗಿ ದೇವರ ಮುಂದೆ ಬಿಚ್ಚು.”

“ದಾರ್ಯಾಗೇ ಬಿಚ್ಚಿದೆ. ಬೆಲ್ಲ, ಕೊಬ್ಬರಿ ತಿಂದೆ.”

ಸವಳಂಗದಲ್ಲೂ ಮಳೆ ಹೊಯ್ಯುತ್ತಿರುವುದು ಫೋನಿನಲ್ಲಿ ಕೇಳಿಸಿತು.

“ಹೆಂಗಿತ್ತೆ ಬೆಲ್ಲ?”

“ಮರಳು ಮರಳು.”

“ಹೂಂ ನೋಡು! ನಾನು ಇದನ್ನೇ ಬಡ್ಕಂತಿದೀನಿ, ನಿಮ್ಮಣ್ಣ ಕೇಳ್ಬೇಕಲ್ಲ. ಮುಂದಿನ ಸಲ ಬೇರೆ ಕಡೆಯಿಂದ ತರ್ಸಿರ್ತೀನಿ, ಬಾ.”