ಎಡಗಡೆ ಸಿಕ್ಕ ಬಲನಾಳ

ಪರದೆಯ ಮೇಲೆ ಮತ್ತೆ ಬರೀ ಬೂದು, ಚುಚ್ಚಿದ ಕಪ್ಪು ದ್ರವ ಹೊಗೆಯ ಹಾಗೆ ಚೆದುರಿಹೋಯಿತು, ಹೃದಯಕ್ಕೆ ರಕ್ತ ಒಯ್ಯುವ ಬಲನಾಳದ ಬಾಯಿ ಇರಬೇಕಾದಲ್ಲಿ ಬಾಯೇ ಇಲ್ಲ — ಮೇಜಿನ ಮೇಲೆ ಮಲಗಿರುವ ಈಜು ಮೇಷ್ಟ್ರಿಗೆ ಎಚ್ಚರವಿದೆ, ಎದೆ ಮೇಲೆ ಯಾರೋ ಕೂತ ಹಾಗಿದೆ ಡಾಕ್ಟ್ರೇ, ಸ್ವಲ್ಪ ತಡ್ಕೊಳ್ಳಿ ಮೇಷ್ಟ್ರೇ, ನಿಮ್ಮ ನಾಳ ಬಚ್ಚಿಟ್ಕೊಂಡಿದೆ, ನಗುತ್ತಲೇ ಅಂದಳು ಯುವ ಡಾಕ್ಟರ್, ಎಕ್ಸ್‌ರೇ ತಡೆಯುವ ಸೀಸದ ಅಂಗಿಯೊಳಗೆ ಬೆನ್ನುದ್ದಕ್ಕೂ ಬೆವರು ಇಳಿಯುತ್ತಿದೆ, ಹೊರಗೆ ಅವರ ಹೆಂಡತಿ, ನಿನ್ನೆ ತನಕ ನೀರಲ್ಲಿ ಮೀನಿನ ಹಾಗಿದ್ರು ಕಣಮ್ಮ, ಆ ಕಣಮ್ಮ ಕಿವಿಯಲ್ಲೇ ಉಳಿದಿದೆ, ಗಾಜಿನಾಚೆಯಿಂದ ಹಿರಿಯ ಡಾಕ್ಟರರ ದನಿ, ಸಾಕು ಬಿಡಮ್ಮ, ಆಪರೇಷನ್‌ಗೆ ಕಳಿಸೋಣ, ಹಟ ಮಾಡ್ಬೇಡ — ಹಟವಂತೆ, ಎದೆ ತೆರೆಯುವ ಹೊತ್ತಿಗೆ ಹೃದಯದ ಆ ಕಡೆಯ ಮಾಂಸ ಬದುಕಿರುತ್ತದೆಯೇ, ಓದುವಾಗಲೂ ಹೀಗೇ, ಗೆಳೆಯರೆಲ್ಲ ಕ್ಯಾಂಟೀನಿಗೆ ಓಡಿದ್ದರು, ಶವಚ್ಛೇದನದ ಕೋಣೆಯಲ್ಲಿ ಇವಳೊಬ್ಬಳೇ, ಪಾಠ ಹೇಳುವ ಮೇಡಂ ಇವಳ ಅಂಗೈಗೆ ಒಂದು ಹೃದಯ ಇಟ್ಟು, ಇದು ಎಲ್ಲರ ಹಾಗಲ್ಲ ನೋಡೇ, ಎರಡೂ ನಾಳ ಎಡದಲ್ಲೇ ಹುಟ್ಟಿವೆ, ಅದರ ತಣ್ಣನೆಯ ತೂಕ ಈಗಲೂ ಕೈಯಲ್ಲಿದೆ — ಎಡದಲ್ಲಿ, ಎಡದಲ್ಲೇ ಇರಬೇಕು, ಸಿಸ್ಟರ್, ಎಡಕ್ಕೆ ಹಾಕೋ ಕೊಳವೆ ಕೊಡಿ, ಬಲನಾಳಕ್ಕೆ ಎಡದ್ದಾ ಮೇಡಂ, ಹೂಂ, ಎಡದ್ದೇ.

ನಾಡಿ ಇಳೀತಿದೆ ಮೇಡಂ, ಇಂಜೆಕ್ಷನ್ ಕೊಡಿ, ಕೊಳವೆಯ ತುದಿ ಜಾರುತ್ತದೆ, ಮತ್ತೆ ಜಾರುತ್ತದೆ, ಮೇಷ್ಟ್ರೇ ಇದ್ದೀರಾ, ಹೂಂ ಅನ್ನುವುದೂ ಕ್ಷೀಣ, ಇನ್ನು ಕೂದಲೆಳೆಯಷ್ಟು ತಿರುಗಿಸು, ಉಸಿರು ಬಿಡಬೇಡ, ತನಗೇ ಹೇಳಿಕೊಂಡಳು — ಕಚ್ಚಿಕೊಂಡಿತು, ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯಿತು, ಪರದೆಯಲ್ಲಿ ಸೀಳಿನಂಥ ಬಾಯಿ, ಓರೆಯಾಗಿ ಹೊರಟ ನಾಳ, ಅಗೋ ಕಟ್ಟಿಕೊಂಡಿರುವ ಜಾಗ, ತಂತಿ ಅದನ್ನು ದಾಟಿತು, ಬಲೂನು ಉಬ್ಬಿತು, ಸ್ಟೆಂಟಿನ ಜಾಲರಿ ಅರಳಿ ಗೋಡೆಗೆ ಒತ್ತಿಕೊಂಡಿತು, ಈಗ ಬಣ್ಣ ಬಿಡಿ, ಬಿಟ್ಟರು, ಕಪ್ಪು ಹರಿಯಿತು, ಎಲ್ಲೂ ನಿಲ್ಲದೆ ಕೊನೆಯ ಕವಲಿನವರೆಗೆ, ಗಾಜಿನಾಚೆಯಿಂದ ಅದೇ ಹಿರಿಯ ದನಿ, ಎಲ್ಲಿ ಸಿಕ್ತಮ್ಮ ನಿಂಗೆ ಅದು, ಎಡದಲ್ಲಿ ಸರ್, ಅಂದಳು, ದನಿಯಲ್ಲಿ ಜಂಬ ಇಣುಕಿತು, ಇಣುಕಲಿ, ಇವತ್ತೊಂದು ದಿನ ಇರಲಿ, ಎದ್ದು ಹೋದ್ರು ಡಾಕ್ಟ್ರೇ, ಮೇಷ್ಟ್ರು ಪಿಸುಗುಟ್ಟಿದರು, ಎದೆ ಮೇಲೆ ಕೂತಿದ್ದೋರು, ಸಿಸ್ಟರ್ ಮುಖ ತಿರುಗಿಸಿ ನಕ್ಕಳು, ಬಾಗಿಲಾಚೆ ಅವರ ಹೆಂಡತಿ ಎದ್ದು ನಿಂತಿದ್ದಾರೆ, ಉಳಿದ್ರಮ್ಮ, ನಾಳ ತೆರೀತು, ಆಕೆ ಇವಳ ಎರಡೂ ಕೈ ಹಿಡಿದುಕೊಂಡು ಏನೋ ಹೇಳುತ್ತಿದ್ದಾರೆ, ಇವಳಿಗೆ ಕೇಳಿಸುತ್ತಿಲ್ಲ, ಕಣ್ಣ ಮುಂದೆ ಅದೇ, ಮತ್ತೆ ಅದೇ, ಕಪ್ಪು ಎಳೆಯೊಂದು ಬೂದಿನೊಳಗೆ ಸರ್ರನೆ ಇಳಿದು, ಕವಲೊಡೆದು, ತುದಿ ಮುಟ್ಟುತ್ತದೆ — ತುದಿ ಮುಟ್ಟುತ್ತದೆ —